ಏಳು ಕಿಟಕಿಯ ಕೋಣೆ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದರಲ್ಲ ಹಿರಿಯರು, ಹಳೇ ಮನೆ ಕೊಂಡು ನೋಡು ಎಂದು ಮಾತ್ರ ಹೇಳಲಿಲ್ಲ. ಅಷ್ಟು ಧೈರ್ಯ ಅವರಿಗೂ ಇರಲಿಲ್ಲ ಅನ್ನಿ. ನಾನು ಮೂವತ್ತೆಂಟು ವರ್ಷ ಹಳೇ ಮನೆಗಳ ಹೊಟ್ಟೆಯೊಳಗೇ ಕಳೆದವನು. ನೂರು, ಇನ್ನೂರು ವರ್ಷದ ಮನೆಗೆ ಯಾರಾದರೂ ಮನಸೋತರೆ, ಕಾಗದಕ್ಕೆ ಸಹಿ ಹಾಕುವ ಮೊದಲು ನನ್ನನ್ನು ಕರೆಯುತ್ತಿದ್ದರು. ನಾನು ಹೋಗಿ ಗೋಡೆ ತಟ್ಟಿ, ತೊಲೆಗಳಿಗೆ ದಬ್ಬಳ ಚುಚ್ಚಿ, ನೆಲದ ಮೇಲೆ ಗೋಲಿ ಉರುಳಿಸಿ, ಅಟ್ಟದೊಳಗೆ ಇಲಿಯ ಹಾಗೆ ನುಗ್ಗಿ, ಈ ಮನೆ ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ ಎಂದು ಬರೆದುಕೊಡುತ್ತಿದ್ದೆ. ಗೋಡೆ ತಟ್ಟುವ ಮರದ ಕೊಡತಿ ಸದಾ ಕೈಯಲ್ಲಿರುತ್ತಿತ್ತು. ಅದಕ್ಕೇ ಜನ ನನ್ನನ್ನು ಕೊಡತಿ ಎಂದೇ ಕರೆದರು. ಹೆಂಡತಿಯೂ ಹಾಗೇ ಕರೆಯುತ್ತಿದ್ದಳು, ಆದರೆ ಅವಳ ಕಾರಣ ಬೇರೆ.

ನನ್ನದೊಂದು ನಿಯಮವಿತ್ತು. ತುಂಬಿದ ಮನೆಯನ್ನು ನಾನು ಪರೀಕ್ಷೆ ಮಾಡುವುದಿಲ್ಲ. ಹಿಂದೊಮ್ಮೆ ಒಬ್ಬ ಮಹಾನುಭಾವ ಗೋಡೆಯ ಬಿರುಕಿಗೆ ಬಟ್ಟೆ ಬೀರುವನ್ನು ಅಡ್ಡ ನಿಲ್ಲಿಸಿ ನನ್ನ ಕಣ್ಣಿಗೆ ಮಣ್ಣೆರಚಿದ್ದ. ಬೀರು ಸರಿಸದೆ ನಾನು ಎಲ್ಲ ಸರಿ ಎಂದು ಬರೆದುಕೊಟ್ಟೆ. ಕೊಂಡವರು ಬೀರು ತೆಗೆದರೆ ಬಿರುಕಿನೊಳಗೆ ಮುಷ್ಟಿ ತೂರುತ್ತಿತ್ತು. ಆವತ್ತಿನಿಂದ ಮಾರುವವರಿಗೆ ಫೋನಿನಲ್ಲೇ ಹೇಳಿಬಿಡುತ್ತಿದ್ದೆ: ನಾನು ಬರುವಾಗ ಮನೆ ಖಾಲಿ ಇರಬೇಕು. ಗೋಡೆಗೆ ಒರಗಿದ್ದು, ನೆಲ ಮುಚ್ಚಿದ್ದು, ಮೂಲೆಯಲ್ಲಿ ಕೂತದ್ದು ಒಂದೂ ಇರಕೂಡದು. ಜನ ಗೊಣಗುತ್ತಿದ್ದರು. ಅರ್ಧ ಖಾಲಿ ಮಾಡಿ ನಗುತ್ತಾ ನಿಲ್ಲುತ್ತಿದ್ದರು. ನಾನು ಬಂದ ದಾರಿಗೇ ವಾಪಸ್ ಹೋಗುತ್ತಿದ್ದೆ. ಈ ನಿಯಮದ ಬಗ್ಗೆ ನನಗೆ ಎಷ್ಟು ಜಂಬವಿತ್ತೆಂದರೆ, ಎದುರು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಇನ್ನು ನನ್ನ ತಂಗಿಯ ವಿಷಯ. ಅವಳು ದರ್ಜಿ. ಮೂವತ್ತು ವರ್ಷ ಪಟ್ಟಣದಲ್ಲಿ ಒಂದು ಗ್ಯಾರೇಜಿನ ಮೇಲಿನ ಬಾಡಿಗೆ ಕೋಣೆಯಲ್ಲಿ ಹೊಲಿದವಳು. ಕೆಳಗೆ ಎಂಜಿನ್ ಗುಡುಗಿದರೆ ಮೇಲೆ ಅವಳ ಸೂಜಿಪೆಟ್ಟಿಗೆ ಕುಣಿಯುತ್ತಿತ್ತು. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದರೆದುರು ಪಕ್ಕದ ಕಟ್ಟಡದ ಗೋಡೆ. ಹಗಲಲ್ಲೂ ದೀಪ ಹಾಕಿ ಹೊಲಿದು ಹೊಲಿದು ಅವಳ ಕಣ್ಣು ಸೋತಿತ್ತು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಈಗ ಕಾಣುವುದಿಲ್ಲ ಎಂದು ಒಂದು ದಿನ ಹೇಳಿದಳು, ಬೇರೆ ಯಾರದೋ ವಿಷಯ ಹೇಳುವ ಹಾಗೆ. ಗಂಡ ತೀರಿಹೋಗಿದ್ದ. ಮಗಳು ತನ್ನ ಸಂಸಾರದಲ್ಲಿದ್ದಳು. ಐವತ್ತೊಂಬತ್ತನೇ ವಯಸ್ಸಿನಲ್ಲಿ ಇವಳಿಗೆ ಬೇಕಾದದ್ದು ಒಂದೇ, ಬೆಳಕಿರುವ ಒಂದು ಕೋಣೆ. ಅದು ಹಳ್ಳಿಯಾದರೂ ಸರಿ, ಸುತ್ತಲಿನ ಮನೆ ಎಷ್ಟೇ ಹಳೆಯದಾದರೂ ಸರಿ.

ಎರಡು ವರ್ಷದಲ್ಲಿ ಅವಳು ಹನ್ನೊಂದು ಮನೆ ನೋಡಿದಳು. ಹನ್ನೊಂದನ್ನೂ ನಾನು ಬೇಡವೆಂದೆ. ಹನ್ನೆರಡನೆಯದನ್ನು ನನಗೆ ಹೇಳದೆ ಎರಡು ಸಲ ಹೋಗಿ ನೋಡಿಕೊಂಡು ಬಂದಳು. ಮೂರನೇ ಸಲ, ನಾನು ಎಂದಿನಂತೆ ಮಾಲೀಕರಿಗೆ ಫೋನು ಮಾಡಿ ನಿಯಮ ಹೇಳಿದ ಮೇಲೆ, ನನ್ನನ್ನು ಕರೆದುಕೊಂಡು ಹೊರಟಳು. ಬಸ್ಸಿನಲ್ಲಿ ಎರಡು ಗಂಟೆ ದಾರಿ.

“ಅಣ್ಣ, ಇದೊಂದ್ರಲ್ಲಿ ಕೊಂಕು ತೆಗೀಬೇಡ.”

“ಇದ್ರೆ ತೆಗೀತೀನಿ. ಇಲ್ದಿದ್ರೆ ಎಲ್ಲಿಂದ ತರಲಿ?”

“ನೀನು ತರ್ತೀಯ. ನಿನ್ನ ಜೇಬಲ್ಲೇ ಇಟ್ಕೊಂಡಿರ್ತೀಯ. ನೀನು ಮನೆ ನೋಡೋ ಕಣ್ಣಲ್ಲಿ ಜನ ಗಂಡು ಹೆಣ್ಣು ನೋಡಿದ್ರೆ ಲೋಕದಲ್ಲಿ ಒಂದು ಮದುವೆನೂ ಆಗ್ತಿರ್ಲಿಲ್ಲ.”

“ಆಗಿರೋ ಮದುವೆಗಳ್ನ ನೋಡಿದ್ರೆ, ಆಗದಿದ್ರೇ ಚೆನ್ನಾಗಿತ್ತು ಅನ್ಸುತ್ತೆ.”

ಅವಳು ನಗಲಿಲ್ಲ. ಕಿಟಕಿಯಾಚೆ ನೋಡುತ್ತಾ, “ಇನ್ನೊಂದು ಹುಡುಕೋ ಶಕ್ತಿ ನನಗಿಲ್ಲ, ಇದೇ ಕೊನೇದು,” ಅಂದಳು. ನಾನು ಜೇಬಿನಲ್ಲಿದ್ದ ಗೋಲಿಯನ್ನು ಬೆರಳಲ್ಲಿ ಉರುಳಿಸುತ್ತಾ ಕೂತೆ.

ಮನೆ ಊರಿನ ಮಧ್ಯೆ ರಸ್ತೆ ತಿರುಗುವಲ್ಲಿತ್ತು. ಕಟ್ಟಿದವನು ಇನ್ನೂರು ವರ್ಷದ ಹಿಂದಿನ ಒಬ್ಬ ಬೀಜದ ವ್ಯಾಪಾರಿಯಂತೆ. ಕೆಳಗೆ ಮೊಣಕೈಯುದ್ದ ದಪ್ಪದ ಕಲ್ಲುಗೋಡೆ, ಮೇಲೆ ಮರದ ಮಹಡಿ. ಆ ಮಹಡಿಯ ಮುಂದಿನ ಕೋಣೆ ಗೋಡೆಯನ್ನು ದಾಟಿ ಆರಡಿ ಬೀದಿಯ ಮೇಲೆ ಚಾಚಿಕೊಂಡಿತ್ತು. ಕೆಳಗೆ ಕಂಬವಿಲ್ಲ, ಆನಿಸಿ ಹಿಡಿಯುವ ಬೋದಿಗೆಯಿಲ್ಲ. ಮೂರು ಕಡೆಯೂ ಕಿಟಕಿ, ಒಟ್ಟು ಏಳು. ಅದರ ನೆರಳಿನಲ್ಲಿ ಒಂದು ಕಲ್ಲುಬೆಂಚು, ಬೆಂಚಿನ ಮೇಲೆ ಬಸ್ಸಿಗೆ ಕಾಯುವ ನಾಲ್ಕು ಜನ. ನನ್ನ ತಂಗಿ ಮನಸೋತದ್ದು ಮನೆಗಲ್ಲ, ಆ ಕೋಣೆಗೆ.

ಮನೆಯ ಯಜಮಾನರು ಗಡಿಯಾರ ರಿಪೇರಿಯವರು. ಎಪ್ಪತ್ತು ದಾಟಿದ ತೆಳ್ಳಗಿನ ಮನುಷ್ಯ. ಅಂಗಿಯ ಗುಂಡಿಯನ್ನೂ ಅಳತೆ ಮಾಡಿ ಹಾಕಿಕೊಂಡ ಹಾಗೆ ಕಾಣುತ್ತಿದ್ದರು. ಜೊತೆಗೆ ದಲ್ಲಾಳಿಯಿದ್ದ. ಅವನ ಗಾತ್ರ ಹೇಳಬೇಕೆಂದರೆ, ಬಾಗಿಲಲ್ಲಿ ಅವನು ನಿಂತರೆ ಒಳಗೆ ಸಂಜೆಯಾಗುತ್ತಿತ್ತು.

“ನೀವು ಹೇಳಿದ ಹಾಗೇ ಪೂರ್ತಿ ಖಾಲಿ ಮಾಡಿಸಿದೀನಿ,” ಅಂದರು ಗಡಿಯಾರದವರು. “ಜೇಡರ ಬಲೆ ಸಹ ಬಿಟ್ಟಿಲ್ಲ.”

ಅಂಗಳದಲ್ಲಿ ಆರು ಕಲ್ಲುಬಾನಿಗಳು ಸಾಲಾಗಿ ಕೂತಿದ್ದವು. ಒಂದೊಂದೂ ಒಂದು ಕರುವನ್ನು ಮುಳುಗಿಸುವಷ್ಟು ದೊಡ್ಡದು.

“ಇವೇನು, ಆನೆಗೆ ಸ್ನಾನ ಮಾಡಿಸ್ತಿದ್ರಾ?” ಅಂದೆ.

“ಬೀಜ ತುಂಬಿಡೋ ಬಾನಿಗಳು. ಹಗ್ಗ ಕಟ್ಟಿ ಎಂಟು ಜನ ನಾಲ್ಕು ದಿನ ಇಳಿಸಿದಾರೆ. ಕೊನೇದು ಮೊನ್ನೆ ಇಳೀತು.”

ಇಳಿಸಿದರಂತೆ. ಎಲ್ಲಿಂದ ಇಳಿಸಿದರು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ ಮೊದಲ ಮನೆ ಮಾಲೀಕ ಸಿಕ್ಕಿದನೆಂದು ಹಿಗ್ಗಿಹೋದೆ. “ನಿಮ್ಮಂಥೋರು ಊರಿಗೊಬ್ರು ಇದ್ರೆ ನನ್ನ ಕೆಲಸ ಹೂ ಎತ್ತಿದ ಹಾಗೆ,” ಎಂದು ಹೊಗಳಿ ಒಳಗೆ ಹೋದೆ.

ಕೆಳಗಿನ ಗೋಡೆಗಳನ್ನು ಒಂದೊಂದು ಗೇಣಿಗೂ ತಟ್ಟಿದೆ. ಸದ್ದು ಗಟ್ಟಿಯಾಗಿತ್ತು, ಒಳಗೆ ಟೊಳ್ಳಿರಲಿಲ್ಲ. ತೊಲೆಗಳಿಗೆ ದಬ್ಬಳ ಚುಚ್ಚಿದೆ, ಅರ್ಧ ಉಗುರಿನಷ್ಟೂ ಇಳಿಯಲಿಲ್ಲ. ಗೆದ್ದಲಿಲ್ಲ, ಕೊಳೆತಿಲ್ಲ. ನಿಜ ಹೇಳುತ್ತೇನೆ, ಎರಡು ವರ್ಷದಲ್ಲಿ ಮೊದಲ ಸಲ ತಂಗಿಗೆ ಹೂಂ ಅನ್ನುವ ಹೊತ್ತು ಬಂತೆಂದು ಒಳಗೊಳಗೇ ಖುಷಿಯಾಯಿತು.

ಮಹಡಿ ಹತ್ತಿದೆ. ಮೆಟ್ಟಿಲು ಮೊದಲು ಹಿಂದಿನ ಕೋಣೆಗೆ ಬರುತ್ತಿತ್ತು. ಅದನ್ನು ದಾಟಿದರೆ ಮುಂದೆ ಏಳು ಕಿಟಕಿಯ ಕೋಣೆ. ಹಿಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ನೆಲದ ಹಲಗೆಯ ಮೇಲೆ ಆರು ಚೌಕ ಗುರುತುಗಳಿದ್ದವು. ಉಳಿದ ನೆಲವೆಲ್ಲ ಕಪ್ಪಾಗಿತ್ತು, ಆ ಆರು ಚೌಕ ಮಾತ್ರ ಈಗಷ್ಟೇ ಕೊಯ್ದ ಮರದ ಬಣ್ಣದಲ್ಲಿದ್ದವು. ನೋಡಿದೆ, ದಾಟಿದೆ. ಮೂವತ್ತೆಂಟು ವರ್ಷದ ಅನುಭವ, ನೋಡಿ! ಎದುರಿಗೆ ಬರೆದಿಟ್ಟಿದ್ದನ್ನು ಓದದೆ ದಾಟಿದೆ.

ತಂಗಿ ಮುಂದಿನ ಕೋಣೆಯಲ್ಲಿ ಆಗಲೇ ಮಂಡಿಯೂರಿ, ಟೇಪು ಹಿಡಿದು, ಬಟ್ಟೆ ಕತ್ತರಿಸುವ ಮೇಜು ಎಲ್ಲಿ ಬರಬೇಕೆಂದು ಅಳೆಯುತ್ತಿದ್ದಳು. ಮುಖದ ತುಂಬ ಬಿಸಿಲು. ಬಾಗಿಲ ಬಳಿ ದಲ್ಲಾಳಿ. ನಾನು ಜೇಬಿನಿಂದ ಗೋಲಿ ತೆಗೆದು ನೆಲದ ಮೇಲಿಟ್ಟೆ. ಅದು ಒಂದು ಕ್ಷಣ ಯೋಚಿಸಿತು. ಆಮೇಲೆ ಮೆಲ್ಲಗೆ ಬೀದಿಯ ಕಡೆ ಹೊರಟಿತು, ಹೋಗುತ್ತಾ ಹೋಗುತ್ತಾ ಜೋರಾಯಿತು, ಕಿಟಕಿಯ ಕೆಳಗಿನ ಹಲಗೆಗೆ ಟಕ್ಕೆಂದು ಬಡಿಯಿತು.

“ನೆಲ ವಾಲಿದೆ,” ಅಂದೆ.

“ಶುರುವಾಯ್ತು! ಕುಣಿಯಕ್ಕೆ ಬರದೋಳು ನೆಲ ಡೊಂಕು ಅಂದ್ಲಂತೆ. ಇನ್ನೂರು ವರ್ಷದ ನೆಲ ಅಣ್ಣ, ನೀನು ಎಪ್ಪತ್ತಕ್ಕೇ ಎಷ್ಟು ವಾಲಿದೀಯ ನೋಡ್ಕೊ.”

ದಲ್ಲಾಳಿ ಹೊಟ್ಟೆ ಕುಲುಕಿಸಿ ನಕ್ಕ. ನೆಲವೂ ಕೂಡ ಸಣ್ಣಗೆ ಕುಲುಕಿದ ಹಾಗೆ ನನ್ನ ಅಂಗಾಲಿಗೆ ತಿಳಿಯಿತು. ನೆಲ ವಾಲುವುದು ದೊಡ್ಡದಲ್ಲ, ಹಳೇ ಮನೆಯ ನೆಲಗಳೆಲ್ಲ ವಾಲಿರುತ್ತವೆ. ಆದರೆ ವಾಲಿದ ನೆಲ ನಿಂತಿರಬೇಕು, ಅಲುಗಬಾರದು. ತೊಲೆಗಳ ಹಿಂದಿನ ತುದಿ ನೋಡಿ ಬರುತ್ತೇನೆಂದು ಹೇಳಿ ಕೆಳಗಿಳಿದೆ.

ಆ ಕೋಣೆ ಹೇಗೆ ನಿಂತಿತ್ತೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾಲ್ಕು ಉದ್ದ ತೊಲೆಗಳು. ಹಿಂದಿನ ತುದಿ ಮನೆಯೊಳಗಿನ ನಡುಗೋಡೆಯ ಮೇಲೆ, ನಡುವೆ ಬೀದಿಗೋಡೆ, ಮುಂದಿನ ತುದಿ ಗಾಳಿಯಲ್ಲಿ. ತಕ್ಕಡಿಯ ದಂಡಿಯ ಹಾಗೆ ಎಂದುಕೊಳ್ಳಿ. ಮುಂದಿನ ತಟ್ಟೆಯಲ್ಲಿ ಏಳು ಕಿಟಕಿಯ ಕೋಣೆ, ಅದರ ಮರ, ಗಾಜು, ಹಂಚು. ಹಿಂದಿನ ತಟ್ಟೆಯಲ್ಲಿ ಅದನ್ನು ತೂಗುವ ಏನಾದರೂ ಇರಲೇಬೇಕು. ಸಾಮಾನ್ಯವಾಗಿ ಹಿಂದಿನ ತುದಿಯ ಮೇಲೆ ಗೋಡೆ ಕಟ್ಟಿ ಅದುಮಿರುತ್ತಾರೆ.

ನಡುಗೋಡೆಯ ಬಳಿ ನಿಂತು ಮೇಲೆ ನೋಡಿದೆ. ಟಾರ್ಚ್ ಬೇಕಾಗಲೇ ಇಲ್ಲ. ತೊಲೆಯ ತುದಿಗೂ ಅದು ಕೂರಬೇಕಾದ ಕಲ್ಲಿಗೂ ನಡುವೆ ಒಂದು ಬೆಳಕಿನ ಗೆರೆ ಕಂಡಿತು. ಗೋಡೆಯಾಚೆ ಅಡುಗೆಮನೆಯ ಬಿಸಿಲು ಅಲ್ಲಿಂದ ಈಚೆಗೆ ಸೀಳಿಕೊಂಡು ಬರುತ್ತಿತ್ತು. ತೊಲೆ ಕಲ್ಲಿನ ಮೇಲೆ ಕೂತಿರಲಿಲ್ಲ. ಎದ್ದಿತ್ತು.

ಮೇಲೆ ತಂಗಿಯ ಹೆಜ್ಜೆ ಕೇಳಿಸಿತು. ಕಿಟಕಿಯ ಕಡೆ ಹೋದಳು. ಬೆಳಕಿನ ಗೆರೆ ದಪ್ಪವಾಯಿತು. ಈಚೆಗೆ ಬಂದಳು, ಗೆರೆ ತೆಳ್ಳಗಾಯಿತು. ಮತ್ತೆ ಹೋದಳು.

ಅಂಗಳದ ಆರು ಬಾನಿ, ಮೇಲಿನ ಆರು ಗುರುತು, ನನ್ನ ಫೋನು, ನನ್ನ ನಿಯಮ, ಎಲ್ಲ ಒಟ್ಟಿಗೆ ಬಂದು ತಲೆಯೊಳಗೆ ಕೂತವು. ಕಟ್ಟಿದವನು ಬೀಜದ ವ್ಯಾಪಾರಿ. ಗೋಡೆಯ ಬದಲು ತನ್ನ ಬಾನಿಗಳನ್ನೇ ತೊಲೆಗಳ ಬಾಲದ ಮೇಲೆ ಕೂರಿಸಿದ್ದ. ಇನ್ನೂರು ವರ್ಷ ಯಾರೂ ಅವನ್ನು ಅಲುಗಿಸಿರಲಿಲ್ಲ, ಯಾಕೆಂದರೆ ಅಲುಗಿಸಲು ಎಂಟು ಜನ ಬೇಕಿತ್ತು, ಅಲುಗಿಸು ಅನ್ನುವ ಒಬ್ಬ ದಡ್ಡನೂ ಬೇಕಿತ್ತು. ಆ ದಡ್ಡ ಮೊನ್ನೆಯವರೆಗೆ ಸಿಕ್ಕಿರಲಿಲ್ಲ.

ಕೂಗಬೇಕೆಂದು ಬಾಯಿ ತೆರೆದವನು ಮುಚ್ಚಿಕೊಂಡೆ. ನನ್ನ ತಂಗಿಯನ್ನು ಕೆಳಗಿನಿಂದ ಕೂಗಿದರೆ ಏನು ಮಾಡುತ್ತಾಳೆಂದು ನನಗೆ ಗೊತ್ತು. ಮೂವತ್ತು ವರ್ಷ ಮಹಡಿಯಲ್ಲಿದ್ದವಳು. ಯಾರು ಕೂಗಿದರೂ ಕಿಟಕಿಗೆ ಹೋಗಿ ಅರ್ಧ ಮೈ ಹೊರಗೆ ಹಾಕಿ, “ಏನು?” ಅನ್ನುತ್ತಾಳೆ.

ಮೆಟ್ಟಿಲು ಹತ್ತಿದೆ. ಓಡಲಿಲ್ಲ. ನನ್ನ ಓಟವೂ ಆ ಮನೆಗೆ ಒಂದು ಭಾರವೇ. ಹಿಂದಿನ ಕೋಣೆಯಲ್ಲಿ ಗಡಿಯಾರದವರು ಕೈಕಟ್ಟಿ ನಿಂತಿದ್ದರು. ನಾನು ಅವರ ಕಿವಿಯ ಹತ್ತಿರ ಹೋಗಿ, “ಈ ಬಿಳೀ ಗುರುತಿನ ಮೇಲೆ ಕೂತ್ಕೊಳ್ಳಿ,” ಅಂದೆ.

“ಯಾಕೆ?”

“ಬಾನಿ ಕೂತಿತ್ತಲ್ಲ, ಹಾಗೆ ಕೂತ್ಕೊಳ್ಳಿ. ನಾನು ಹೇಳೋವರೆಗೂ ಏಳ್ಬೇಡಿ.”

ಅವರು ಒಂದು ಸಲ ನನ್ನ ಮುಖ ನೋಡಿದರು. ಕರವಸ್ತ್ರ ಹಾಸಿ, ಕೂತರು. ಹೇಳಿದ್ದನ್ನು ಮಾಡುವವರು ಎಂದೆನಲ್ಲ. ಆದರೆ ಅವರು ಐವತ್ತು ಕಿಲೋ ಇದ್ದರೆ ಹೆಚ್ಚು. ನನಗೆ ಬೇಕಾಗಿದ್ದದ್ದು ದಲ್ಲಾಳಿ. ಮುಂದಿನ ತಟ್ಟೆಯಿಂದ ಅವನು ಇಳಿಯಬೇಕು, ಹಿಂದಿನ ತಟ್ಟೆಗೆ ಏರಬೇಕು.

“ದಲ್ಲಾಳಿಗಳೇ, ಸ್ವಲ್ಪ ಇಲ್ಲಿ ಬನ್ನಿ.”

ಅವನು ಕಿವಿಗೆ ಫೋನು ಹಿಡಿದಿದ್ದ. ಒಂದು ಬೆರಳೆತ್ತಿ ತಾಳಿ ಅನ್ನುವ ಸನ್ನೆ ಮಾಡಿದ. “ಹಲೋ? ಕೇಳಿಸ್ತಿಲ್ಲ. ಇರಿ, ಕಿಟಕಿ ಹತ್ರ ಹೋಗ್ತೀನಿ,” ಅನ್ನುತ್ತಾ ಒಂದೊಂದೇ ಹೆಜ್ಜೆ ಮುಂದಕ್ಕೆ ಹೊರಟ. ನನ್ನ ಕಾಲ ಕೆಳಗಿನ ಹಲಗೆ ಮೆಲ್ಲಗೆ ಮೇಲೆದ್ದಿತು. ಮಲಗಿದ ಎತ್ತು ಉಸಿರೆಳೆದುಕೊಂಡ ಹಾಗೆ. ಕೂತಿದ್ದ ಗಡಿಯಾರದವರ ಮುಖದ ಬಣ್ಣ ಹೋಯಿತು. ಅವರಿಗೂ ತಿಳಿಯಿತು.

“ನಿಮ್ಮ ಕಮಿಷನ್ ಬಗ್ಗೆ ಒಂದು ಮಾತಿತ್ತು,” ಅಂದೆ.

ಅವನು ಫೋನು ಮಡಚಿಕೊಂಡು ತಿರುಗಿದ. ತಿರುಗಿದ್ದು ಸರಿ, ಬಂದ ರಭಸ ಸರಿಯಿರಲಿಲ್ಲ. ನಾಲ್ಕೇ ಹೆಜ್ಜೆಗೆ ಧಬ ಧಬನೆ ಬಂದುಬಿಟ್ಟ. ಎದ್ದಿದ್ದ ತೊಲೆ ಕಲ್ಲಿಗೆ ಬಡಿದು ಮನೆಯೆಲ್ಲ ಗುಂಯ್ಯೆಂದಿತು. ಮುಂದಿನ ಕೋಣೆಯಲ್ಲಿ ಒಂದು ಗಾಜು ಚಟ್ಟನೆ ಸೀಳಿತು. ನಾನು ಅವನ ಎರಡೂ ಭುಜ ಹಿಡಿದು ಗುರುತಿನ ಮೇಲೆ ಕೂರಿಸಿದೆ.

“ಏನ್ ಸಾರ್ ಇದು? ಕಮಿಷನ್ನು...”

“ಉಸಿರಾಡ್ತಾ ಇರೋದೇ ಕಮಿಷನ್ನು. ಬಾಯಿ ಮುಚ್ಕೊಂಡು ಕೂತ್ಕೊ. ಎಷ್ಟು ಭಾರ ಇದೀಯೋ ಅಷ್ಟೂ ಬಿಟ್ಟು ಕೂತ್ಕೊ.”

ನಾನೂ ಮೂರನೇ ಗುರುತಿನ ಮೇಲೆ ಕೂತೆ. ಅಲ್ಲಿಂದ ಬಾಗಿಲ ಮೂಲಕ ತಂಗಿ ಕಾಣುತ್ತಿದ್ದಳು. ಅವಳು ಕೋಣೆಯ ತುತ್ತತುದಿಯಲ್ಲಿ, ಬೀದಿಯ ಮೇಲೆ, ಸೀಳಿದ ಗಾಜಿನ ಎದುರು ನಿಂತಿದ್ದಳು.

“ಅಣ್ಣ, ಈ ಗಾಜು ತಾನಾಗೇ ಒಡೀತಲ್ಲೋ.”

“ಮುಟ್ಬೇಡ. ಈಚೆ ಬಾ. ಮೆಲ್ಲಗೆ.”

“ಇರು, ಚೂರು ಎತ್ತಿಡ್ತೀನಿ. ಕೆಳಗೆ ಜನ ಕೂತಿದಾರೆ, ತಲೆ ಮೇಲೆ ಬಿದ್ದೀತು.”

“ಬಿಡು ಅಂದೆ. ಬಾ.”

“ನೀನ್ಯಾಕೆ ನೆಲದ ಮೇಲೆ ಕೂತಿದೀಯ? ಮೂರೂ ಜನ? ಏನು, ನನ್ನ ಬಿಟ್ಟು ಬೇರೆ ಮಾತುಕತೆ ನಡೀತಿದ್ಯಾ? ಅಣ್ಣ, ಈ ಕೋಣೆ ಬೇಡ ಅನ್ನಕ್ಕೆ ಏನೋ ಹುಡುಕ್ಕೊಂಡಿದೀಯ, ನನಗ್ಗೊತ್ತು. ನಾನು ಬರಲ್ಲ. ಅಳತೆ ಮುಗಿಸೇ ಬರೋದು.”

ಹಟ. ಹನ್ನೊಂದು ಮನೆ ಬಿಟ್ಟ ಹಟ ಅದು. ಅವಳು ಬೇಕೆಂದೇ ಹಿಮ್ಮಡಿಯೂರಿ ತಿರುಗಿ ಟೇಪು ಎಳೆದಳು. ಎರಡು ಹಲಗೆಗಳ ನಡುವಿನ ಸಂದು ಕಣ್ಣೆದುರೇ ಬಾಯಿ ಬಿಟ್ಟಿತು. ಮೇಲಿಂದ ಒಂದು ಹಿಡಿ ಧೂಳು ಅವಳ ತೋಳಿನ ಮೇಲೆ ಸುರಿಯಿತು. ಅವಳು ಕೊಡವಿಕೊಂಡಳು, ಅಷ್ಟೇ. ಬೈದರೆ ತಿರುಗಿ ಬೈಯುತ್ತಾಳೆ. ಹೆದರಿಸಿದರೆ ನಂಬುವುದಿಲ್ಲ. ಎದ್ದು ಹೋಗಿ ಕೈ ಹಿಡಿದು ಎಳೆದರೆ ಹಿಂದೆ ನನ್ನ ಭಾರ ಹೋಯಿತು, ಮುಂದೆ ಅದೇ ಭಾರ ಸೇರಿತು. ನಾನು ಮಾಡಬಹುದಾದದ್ದು ಒಂದೇ ಇತ್ತು. ಹೇಳುವುದು.

“ನನ್ನಿಂದ ತಪ್ಪಾಯ್ತು ಕಣೇ,” ಅಂದೆ.

ಅವಳ ಕೈಯಲ್ಲಿದ್ದ ಟೇಪು ಸರ್ರನೆ ತನ್ನಷ್ಟಕ್ಕೇ ಸುತ್ತಿಕೊಂಡಿತು.

“ಏನಂದೆ?”

“ತಪ್ಪಾಯ್ತು. ಆ ಬಾನಿಗಳು ಈ ಕೋಣೇನ ಹಿಡ್ಕೊಂಡಿದ್ವು. ತೆಗ್ಸಿದ್ದು ನಾನು.”

ಐವತ್ತೊಂಬತ್ತು ವರ್ಷದಲ್ಲಿ ಆ ಮಾತನ್ನು ಅವಳು ನನ್ನ ಬಾಯಿಂದ ಕೇಳಿರಲಿಲ್ಲ. ಅವಳ ಮದುವೆಯ ದಿನ ತಡವಾಗಿ ಹೋದಾಗಲೂ, ಅವಳ ಗಂಡನ ಜೊತೆ ಹತ್ತು ವರ್ಷ ಮಾತುಬಿಟ್ಟಾಗಲೂ ಹೇಳಿರಲಿಲ್ಲ. ಬಿಸಿಲಲ್ಲಿದ್ದ ಅವಳ ಮುಖ ಸುಣ್ಣದ ಹಾಗಾಯಿತು.

“ನೀನು ತಪ್ಪಾಯ್ತು ಅಂತೀಯ ಅಂದ್ರೆ,” ಅಂದಳು ಸಣ್ಣ ದನಿಯಲ್ಲಿ, “ಕೋಣೆ ಬೀಳ್ತಿದೆ ಅಲ್ವಾ?”

“ಇನ್ನೂ ಇಲ್ಲ. ನಿನ್ನ ಎಡಗಡೆ ಹಲಗೆ ಮೇಲೆ ಮೊಳೆ ಸಾಲು ಕಾಣುತ್ತಾ? ಅದರ ಕೆಳಗೆ ತೊಲೆ ಇದೆ. ಹೊಲಿಗೆ ಸಾಲು ಹಿಡಿದ ಹಾಗೆ ಅದನ್ನೇ ಹಿಡಿದು ಬಾ. ಅವಸರ ಮಾಡ್ಬೇಡ. ನಿಂತ್ಕೊಳ್ಳೋದೂ ಬೇಡ.”

ಅವಳು ಚಪ್ಪಲಿ ಬಿಟ್ಟಳು. ಮೊದಲ ಹೆಜ್ಜೆ. ನನ್ನ ಕೆಳಗಿನ ಹಲಗೆ ಅಲುಗಿತು. ಪಕ್ಕದಲ್ಲಿ ದಲ್ಲಾಳಿ ಕಣ್ಣು ಮುಚ್ಚಿ ಕೈಕಾಲು ಚೆಲ್ಲಿ, ನಿಜವಾಗಿಯೂ ಇದ್ದಷ್ಟೂ ಭಾರ ಬಿಟ್ಟು ಕೂತಿದ್ದ. ಎರಡನೇ ಹೆಜ್ಜೆ, ಮೂರನೆಯದು. ಎಲ್ಲೋ ಒಂದು ಮೊಳೆ ಕಿರ್ರೆಂದು ಮರದಿಂದ ಈಚೆಗೆ ಬರುವ ಸದ್ದು. ಅವಳು ನಿಂತಳು.

“ನಿಲ್ಬೇಡ.”

“ಕಾಲು ಬರ್ತಿಲ್ಲ ಅಣ್ಣ.”

“ಸಾಲು ನೋಡು, ನನ್ನ ನೋಡ್ಬೇಡ. ಎಷ್ಟು ಮೊಳೆ ಇದೆ ಎಣಿಸು.”

“ಒಂದು,” ಅಂದಳು. ಹೆಜ್ಜೆ. “ಎರಡು.” ಹೆಜ್ಜೆ. “ಮೂರನೇದು ಸೊಟ್ಟಗಿದೆ. ಯಾರು ಹೊಡೆದ್ರೋ ಇದನ್ನ.” ಅಂಥ ಹೊತ್ತಲ್ಲೂ ಕೆಟ್ಟ ಕೈಕೆಲಸ ಕಂಡರೆ ಅವಳಿಗೆ ಸಹಿಸಲಾಗದು. “ನಾಲ್ಕು.” ಬೀದಿಗೋಡೆಯ ಗೆರೆ ದಾಟಿದಳು. ನನ್ನ ಕೆಳಗಿನ ಹಲಗೆ ಕೂಡಲೇ ತಣ್ಣಗೆ ಕೂತಿತು. “ಐದು, ಆರು,” ಎಂದು ಎಣಿಸುತ್ತಲೇ ಬಂದು ನಮ್ಮ ನಡುವೆ ಕುಸಿದಳು. ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಅವಳ ಉಗುರಿನ ಗುರುತು ಎರಡು ದಿನ ಹೋಗಲಿಲ್ಲ.

“ಆಯ್ತಲ್ಲ, ಏಳೋಣ್ವಾ?” ಅಂದ ದಲ್ಲಾಳಿ.

“ಯಾರೂ ಏಳ್ಬೇಡಿ. ಕೆಳಗೆ ಬೆಂಚಿದೆ,” ಅಂದೆ.

ಆ ಮಾತಿಗೆ ತಂಗಿ ಕೈ ಬಿಟ್ಟು ಎದ್ದಳು. ನಾವು ಮೂವರು ತೊಲೆಗಳನ್ನು ಅದುಮಿ ಕೂತಿದ್ದೆವು, ನಾಲ್ವರಲ್ಲಿ ಏಳಬಹುದಾದವಳು ಅವಳೊಬ್ಬಳೇ. ಗೋಡೆ ಹಿಡಿದು ಮೆಟ್ಟಿಲಿಳಿದಳು. ಒಂದು ನಿಮಿಷಕ್ಕೆ ಬೀದಿಯಿಂದ ಅವಳ ದನಿ ಕೇಳಿಸಿತು.

“ಎಲ್ರೂ ಏಳಿ ಇಲ್ಲಿಂದ.”

“ಯಾಕಮ್ಮ? ಬಸ್ಸು ಇಲ್ಲೇ ನಿಲ್ಲೋದು,” ಯಾವುದೋ ಗಂಡು ದನಿ.

“ಬಸ್ಸು ಎಲ್ಲಿ ಬೇಕಾದ್ರೂ ನಿಲ್ಲುತ್ತೆ. ನಿಮ್ಮ ತಲೆ ಮೇಲಿರೋದು ನಿಲ್ಲಲ್ಲ. ಏಳ್ರಿ!”

ಎದ್ದ ಸದ್ದು, ಓಡಿದ ಸದ್ದು. ಆಮೇಲೆ ಅವಳು ಏನೇನು ಮಾಡಿದಳೆಂದು ನಮಗೆ ಕಾಣಲಿಲ್ಲ, ಕೇಳಿಸಿತು ಅಷ್ಟೇ. ಬೀದಿಗೆ ಅಡ್ಡ ಹಗ್ಗ ಕಟ್ಟಿಸಿದಳು. ಒಬ್ಬ ಬಡಗಿಯನ್ನು ಕೆಲಸದ ಮಧ್ಯೆಯಿಂದ ಎಬ್ಬಿಸಿ ತಂದಳು. ಲಾರಿಯವನೊಬ್ಬನ ಎರಡು ಜಾಕಿ ಇಳಿಸಿಕೊಂಡಳು. ಎಲ್ಲಿ ಹೇಗೆ ಕಂಬ ಕೊಡಬೇಕೆಂದು ನಾನು ಕೂತಲ್ಲಿಂದ ಕೂಗಿದೆ, ಅವಳು ಕೆಳಗೆ ಅದನ್ನೇ ಇನ್ನೂ ಜೋರಾಗಿ ಕೂಗಿದಳು.

ಒಂದೂವರೆ ಗಂಟೆ ನಾವು ಮೂವರು ಗಂಡಸರು ಆ ಗುರುತುಗಳ ಮೇಲೆ ಕದಲದೆ ಕೂತೆವು. ತೊಲೆಗಳು ಆಗಾಗ ಒಂದು ಸಣ್ಣ ಸದ್ದು ಮಾಡುತ್ತಿದ್ದವು. ಪ್ರತಿ ಸದ್ದಿಗೂ ಮೂವರ ಕತ್ತೂ ಒಟ್ಟಿಗೆ ತಿರುಗುತ್ತಿತ್ತು.

“ಖಾಲಿ ಮಾಡಿ ಅಂತ ಫೋನಲ್ಲಿ ಹೇಳಿದ್ದು ನೀವೇ ಅಲ್ವಾ?” ಎಂದು ಗಡಿಯಾರದವರು ಕೇಳಿದರು. ಸಿಟ್ಟಿನಲ್ಲಲ್ಲ. ಸಮಯ ಸರಿನೋಡುವವರ ಹಾಗೆ.

“ನಾನೇ.”

“ಏನೇನಿದೆ, ಎಲ್ಲೆಲ್ಲಿದೆ ಅಂತ ಕೇಳ್ಲಿಲ್ಲ.”

“ಕೇಳ್ಲಿಲ್ಲ.”

“ನಾನು ಯಾವ ಗಡಿಯಾರಾನೂ ಒಳಗೆ ನೋಡದೆ ಬಿಚ್ಚಲ್ಲ,” ಅಂದರು. ಅಷ್ಟೇ. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ದಲ್ಲಾಳಿ ನನ್ನ ಕಡೆ ವಾಲಿ ಪಿಸುಗುಟ್ಟಿದ. “ಸಾರ್, ಇದನ್ನೆಲ್ಲ ರಿಪೋರ್ಟಲ್ಲಿ ಹಾಕ್ಬೇಡಿ. ಮನೇನೇ ಹಾಗೆ ಕಟ್ಟಿದಾರೆ, ಮರ ಹಳೇದಾಗಿದೆ ಅಂತ ಬರೀರಿ. ನಿಮ್ಮ ಹೆಸರೂ ಉಳಿಯುತ್ತೆ. ನಿಮ್ಮ ತಂಗಿಗೂ ಅರ್ಧ ಬೆಲೆಗೆ ಬರುತ್ತೆ.”

ಆ ಮಾತು ಕೇಳಿ ನಾನು ಒಡನೆ ಉರಿದುಬಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದೆರಡು ನಿಮಿಷ ಲೆಕ್ಕ ಹಾಕಿದೆ. ಮೂವತ್ತೆಂಟು ವರ್ಷದ ಹೆಸರು ಸಣ್ಣದಲ್ಲ. ಪಕ್ಕದಲ್ಲಿ ಗಡಿಯಾರದವರು ಎಲ್ಲ ಕೇಳಿಸಿಕೊಂಡರೂ ಕೇಳಿಸದ ಹಾಗೆ ಎದುರಿನ ಗೋಡೆ ನೋಡುತ್ತಾ ಕೂತಿದ್ದರು. ಬೇಕೆಂದರೆ ಅವರು ನಮ್ಮನ್ನು ಬಿಟ್ಟು ಎದ್ದು ಹೋಗಬಹುದಿತ್ತು. ಏಳಲಿಲ್ಲ. ನನ್ನ ತಂಗಿ ಆ ಹೊತ್ತಿಗೆ ಅದೇ ಕೋಣೆಯ ಕೆಳಗೆ ನಿಂತು ಜಾಕಿ ಎತ್ತಿಸುತ್ತಿದ್ದಳು.

ಕೊನೆಗೆ ನಾಲ್ಕು ಕಂಬಗಳೂ ಬಿಗಿಯಾಗಿ ಕೂತವು. ತೊಲೆಗಳು ಒಂದೊಂದಾಗಿ ಕಲ್ಲಿನ ಮೇಲೆ ಪೂರ್ತಿ ಇಳಿದವು. ನಮ್ಮ ಕಾಲುಗಳು ಜೋಮು ಹಿಡಿದಿದ್ದವು, ದಲ್ಲಾಳಿಯನ್ನು ಎಬ್ಬಿಸಲು ಬಡಗಿಯೂ ಲಾರಿಯವನೂ ಬರಬೇಕಾಯಿತು. ನಾನು ಅಂಗಳದಲ್ಲಿ ಒಂದು ಹಲಗೆಯ ಮೇಲೆ ಕಾಗದವಿಟ್ಟು, ಎಲ್ಲರೆದುರು, ಬರೆಯುವಾಗಲೇ ಜೋರಾಗಿ ಓದುತ್ತಾ ವರದಿ ಬರೆದೆ. ಗೋಡೆ ಗಟ್ಟಿ. ಮರ ಗಟ್ಟಿ. ಮುಂಚಾಚಿದ ಕೋಣೆ ಹಿಂಭಾರದ ಮೇಲೆ ನಿಂತದ್ದು. ಪರೀಕ್ಷೆ ಮಾಡಲು ಬಂದವನು ವಿಚಾರಿಸದೆ ಆ ಭಾರ ತೆಗೆಸಿದ್ದರಿಂದ ಈ ದಿನ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ...

“ಹತ್ತು ಹದಿನೇಳು,” ಎಂದು ಗಡಿಯಾರದವರು ತಿದ್ದಿದರು.

ಹತ್ತು ಹದಿನೇಳಕ್ಕೆ ತೊಲೆಗಳು ಮೇಲೆದ್ದವು. ಮನೆಯ ಕಟ್ಟಡದಲ್ಲಿ ದೋಷವಿಲ್ಲ. ತೊಲೆಗಳ ತುದಿಯನ್ನು ಕಬ್ಬಿಣದ ಪಟ್ಟಿಯಿಂದ ನಡುಗೋಡೆಯ ಬುಡಕ್ಕೆ ಬಿಗಿಯುವವರೆಗೆ ಮುಂದಿನ ಕೋಣೆಗೆ ಯಾರೂ ಕಾಲಿಡಬಾರದು. ಸಹಿ ಹಾಕಿದೆ.

ತಂಗಿ ಕಾಗದವನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಪೂರ್ತಿ ಓದಿದಳು.

“ನಿಮಗೆ ಬೇಡ ಅನ್ಸಿದ್ರೆ ನಾನೇನೂ ಅಂದ್ಕೊಳ್ಳಲ್ಲಮ್ಮ,” ಅಂದರು ಗಡಿಯಾರದವರು.

“ಬೇಡ ಅಂತ ಯಾರು ಹೇಳಿದ್ರು? ಹನ್ನೆರಡು ಮನೆ ನೋಡಿದೀನಿ. ಹೊಟ್ಟೇಲಿ ಏನಿದೆ ಅಂತ ಪೂರ್ತಿ ಗೊತ್ತಿರೋದು ಇದೊಂದೇ.” ನನ್ನ ಕಡೆ ತಿರುಗಿದಳು. “ಆ ಪಟ್ಟಿ ಎಷ್ಟು ದಿನದ ಕೆಲಸ?”

“ಮೂರು ತಿಂಗಳು. ನಾನು ಎದುರು ನಿಂತು ಮಾಡಿಸ್ತೀನಿ.”

“ಎದುರು ನಿಲ್ಲೋದಷ್ಟೇ ಅಲ್ಲ, ಕೇಳ್ಕೊಂಡು ಮಾಡ್ಸು,” ಅಂದಳು.

ಮಾಡಿಸಿದೆ. ಮೂರು ತಿಂಗಳಾಗಲಿಲ್ಲ, ನಾಲ್ಕಾಯಿತು. ಪ್ರತಿ ಬೋಲ್ಟನ್ನೂ ನನ್ನ ಕೈಯಾರೆ ಬಿಗಿದು ನೋಡಿದೆ. ಗೂಟದ ಹಾಗೆ ಬಡಗಿಯ ಪಕ್ಕ ನಿಂತು ಅವನ ಪ್ರಾಣ ಹಿಂಡಿದೆ. ಆ ಮನೆಯ ಬಗ್ಗೆ ಗಡಿಯಾರದವರಿಗೆ ಗೊತ್ತಿದ್ದದ್ದನ್ನೆಲ್ಲ ಕೇಳಿ ಬರೆದುಕೊಂಡೆ. ಆಸರೆಯ ಕಂಬಗಳನ್ನು ಒಂದು ಬೆಳಿಗ್ಗೆ ಒಂದೊಂದಾಗಿ ತೆಗೆಸಿದೆವು. ತೊಲೆಗಳು ಕೂದಲೆಳೆಯಷ್ಟೂ ಅಲುಗಲಿಲ್ಲ.

ಮೊದಲು ನಾನು ಒಳಗೆ ಹೋಗಿ ನೋಡಬೇಕು, ಆಮೇಲೆ ನೀನು ಎಂದು ಹೇಳಿಯೇ ಇದ್ದೆ. ನನ್ನ ಮಾತು ಅವಳು ಯಾವಾಗ ಕೇಳಿದ್ದಳು? ನಾನು ಕೆಳಗೆ ಬೋಲ್ಟು ತಟ್ಟಿ ಮಹಡಿ ಹತ್ತುವಷ್ಟರಲ್ಲಿ ಅವಳು ಆ ಕೋಣೆಯ ತುದಿಯಲ್ಲಿ, ಹೊಸ ಗಾಜಿನ ಕಿಟಕಿಯ ಬಳಿ ನಿಂತು, ಸೂಜಿಗೆ ದಾರ ಪೋಣಿಸುತ್ತಿದ್ದಳು. ಕಪ್ಪು ದಾರ. ಒಂದೇ ಸಲಕ್ಕೆ ಹೋಯಿತು.

ನಾನು ಬಾಗಿಲಲ್ಲೇ ನಿಂತೆ. ಎಲ್ಲ ಲೆಕ್ಕ ಸರಿಯಿದೆಯೆಂದು ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ.

“ಬಾರೋ ಒಳಗೆ,” ಅಂದಳು ತಿರುಗದೆಯೇ. “ಸಹಿ ಹಾಕಿದೋನು ನೀನೇ ತಾನೇ?”

ಒಂದು ಕಾಲಿಟ್ಟೆ. ಹಲಗೆ ಸದ್ದು ಮಾಡಲಿಲ್ಲ. ಇನ್ನೊಂದನ್ನು ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು.